ಮೂರು ಬಣ್ಣ ಸೇರಿಸುತ್ತಿದ್ದ ಅಣ್ಣ

ಟಿ.ವಿ. ರಿಪೇರಿ ಕೆಲಸದಲ್ಲಿ ನಗುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ, ನಗು ಬೇಡವಾದಾಗಲೂ. ಎಂಬತ್ತರ ದಶಕದಲ್ಲಿ ನಾನು ಚನ್ನಗಿರಿಯ ಹಿರಿಯ ಮೆಕ್ಯಾನಿಕ್ ಒಬ್ಬರ ಜೊತೆ ಅಂಗಡಿ ಇಟ್ಟಿದ್ದೆ. ಅವರನ್ನು ಅಣ್ಣ ಎನ್ನುತ್ತಿದ್ದೆ. ಹೊರದೇಶದಿಂದ ಬಂದ, ಗಾಜಿನ ಬುರುಡೆಯಂಥ ವಾಲ್ವುಗಳಿರುವ ಹಳೇ ಕಲರ್ ಟಿ.ವಿ. ಎಂದರೆ ಅವರಿಗೆ ಪ್ರಾಣ. ಸಿಗದ ವಾಲ್ವಿನ ಜಾಗಕ್ಕೆ ಬೇರೇನೋ ಜೋಡಿಸಿ ಪರದೆ ಬೆಳಗಿಸುವ ಹೈವೋಲ್ಟೇಜ್ ಬರಿಸುವುದು, ಪರದೆಯ ಮೇಲೆ ಬೇರೆ ಬೇರೆಯಾಗಿ ನಿಂತ ಕೆಂಪು, ಹಸಿರು, ನೀಲಿಯನ್ನು ಒಂದೇ ಗೆರೆಗೆ ತರುವುದು, ಎರಡರಲ್ಲೂ ಅವರು ನಿಸ್ಸೀಮರು.

1. ಜೇಬಿನ ಕೈ

ಹೈವೋಲ್ಟೇಜ್ ಮುಟ್ಟುವಾಗ ಅಣ್ಣ ಎಡಗೈಯನ್ನು ಜೇಬಿನಲ್ಲೇ ಇಡುತ್ತಿದ್ದರು. ಎರಡೂ ಕೈ ತಗುಲಿದರೆ ಶಾಕ್ ಎದೆಗೇ ಹೋಗುತ್ತದೆ. ಹೊನ್ನಾಳಿಯ ಬಟ್ಟೆ ಅಂಗಡಿಯವರಿಗೆ ಅದು ಹಿಡಿಸಲಿಲ್ಲ.

"ಹಿರೇರ ಮುಂದೆ ಜೇಬಿಗೆ ಕೈ ಹಾಕ್ಕೊಂಡು ನಿಲ್ತೀರಲ್ರಿ."

"ಒಂದು ಕೈ ನಿಮಗೆ ಕೊಟ್ಟೀನ್ರಿ. ಇನ್ನೊಂದನ್ನಾದ್ರೂ ಮನೆಯಾಕಿಗೆ ವಾಪಸ್ ಒಯ್ಯಬೇಕಲ್ಲ" ಎಂದರು ಅಣ್ಣ.

2. ಮೂರು ಮೂಗು

ನ್ಯಾಮತಿಯ ಮನೆಯೊಂದರ ಟಿ.ವಿ.ಯಲ್ಲಿ ಮೂರು ಬಣ್ಣ ಬೇರೆಯಾಗಿ, ವಾರ್ತೆ ಓದುವವಳಿಗೆ ಮೂರು ಮೂಗು ಕಾಣುತ್ತಿದ್ದವು. ಅಣ್ಣ ಬಹಳ ಹೊತ್ತು ತಿರುಪು ತಿರುಗಿಸಿ, "ಒಂದಾಯ್ತು ನೋಡ್ರಿ" ಎಂದರು.

"ಇನ್ನೂ ಎರಡು ಐತಲ್ಲಪ್ಪ" ಎಂದಳು ಆ ಮನೆಯ ಅಜ್ಜಿ.

"ಇಲ್ಲಮ್ಮ, ಒಂದೇ ಐತೆ."

ಅಜ್ಜಿ ತನ್ನ ಕನ್ನಡಕ ತೆಗೆದುಕೊಟ್ಟಳು. "ತಗೋ, ನನಗಿಂತ ನಿನಗೇ ಬೇಕು."

ಎಲ್ಲರೂ ನಕ್ಕರು. ಅಣ್ಣ ಕನ್ನಡಕ ಹಾಕಿಕೊಂಡು ನೋಡಿದರು. ಅವರೊಬ್ಬರೇ ನಗಲಿಲ್ಲ.

3. ಡಾಕ್ಟರ ಮುಂದೆ

ಅಣ್ಣನನ್ನು ದಾವಣಗೆರೆಯ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು.

ಅಣ್ಣ ಕೇಳಿದರು: "ಅಂದ್ರೆ ಪಿಕ್ಚರ್ ಟ್ಯೂಬೇ ಹೋಗೈತೆ ಅನ್ರಿ?"

ಡಾಕ್ಟರು ತಬ್ಬಿಬ್ಬಾಗಿ ಹೌದೆಂದರು.

"ಹಂಗಾದ್ರೆ ಬಿಚ್ಚಬ್ಯಾಡ್ರಿ. ಗಿರಾಕಿಗಳಿಗೆ ನಾನೂ ಹಂಗೇ ಹೇಳ್ತೀನಿ."

ಬಸ್ಸಿನಲ್ಲಿ ಊರು ಬರುವವರೆಗೂ ಅಣ್ಣ ನನ್ನ ತೋಳು ಬಿಡಲಿಲ್ಲ.

4. ಅತ್ತಿಗೆಯ ಟಿ.ವಿ.

ಜಗಳೂರಿನಲ್ಲಿ ಯಾರೋ ಕೈಬಿಟ್ಟಿದ್ದ ಸೆಟ್ಟೊಂದನ್ನು ಅಣ್ಣ ಹೆಂಡತಿಗೆಂದು ತಂದಿಟ್ಟಿದ್ದರು. ಕಣ್ಣು ಪೂರಾ ಹೋದ ಮೇಲೆ ಅದನ್ನು ಮುಗಿಸಲು ಕೂತರು. ಹೈವೋಲ್ಟೇಜ್ ಕೆಲಸ ನಾನು ಮಾಡಿಕೊಟ್ಟೆ. ಬಣ್ಣ ಸೇರಿಸುವುದನ್ನು ಮಾತ್ರ ಅಣ್ಣ ಬಿಟ್ಟುಕೊಡಲಿಲ್ಲ. ಅವರು ಟಿ.ವಿ.ಯ ಹಿಂದೆ, ಅತ್ತಿಗೆ ಎದುರಿಗೆ.

"ಕೆಂಪು ಎಲ್ಲೈತೆ?"

"ಹಸಿರಿನ ಎಡಕ್ಕೆ."

"ನಿನ್ನ ಎಡವೋ, ನನ್ನ ಎಡವೋ?"

"ಮದುವೆ ಆದಾಗಿನಿಂದ ನಿಮ್ಮ ಎಡಕ್ಕೇ ನಿಂತೀನಿ. ಗೊತ್ತಾಗಲ್ವೇನ್ರಿ?"

ಅಷ್ಟರಲ್ಲಿ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು. ನಾನು ಹೇಳಲು ಬಾಯಿ ತೆರೆದರೆ ಅತ್ತಿಗೆ ಸುಮ್ಮನಿರೆಂದು ಕೈ ಮಾಡಿದರು. ಅಣ್ಣ ತಿರುಗಿಸುತ್ತಲೇ ಇದ್ದರು. ಅತ್ತಿಗೆ ಕಣ್ಣೊರೆಸಿಕೊಳ್ಳುತ್ತಾ, "ಸೇರ್ತಾ ಐತೆ... ಸೇರ್ತು ನೋಡ್ರಿ. ಎಷ್ಟು ಚಂದ ಐತೆ" ಎಂದರು.

ಅಣ್ಣ ಟಿ.ವಿ.ಗೆ ಕಿವಿಗೊಟ್ಟರು. ಸೆಟ್ ನಡೆಯುವಾಗ ಸದಾ ಕೇಳುವ ಹೈವೋಲ್ಟೇಜಿನ ಸಣ್ಣ ಸಿಳ್ಳೆ ಇರಲಿಲ್ಲ.

"ಹೌದೇನೇ? ಕರೆಂಟ್ ಇಲ್ದೇನೂ ಚಂದ ಕಾಣ್ತೈತೆ ಅಂತ ಮೊದಲೇ ಹೇಳಿದ್ರೆ, ನಾನು ಈ ಕೆಲಸಾನೇ ಕಲೀತಿರಲಿಲ್ಲ."