ಒಂದೇ ಸಲ ಕೇಳುವವರ ದೇಶಕ್ಕೆ

ಯಾವ ವಿಷಯದಲ್ಲೇ ಆಗಲಿ ಧೈರ್ಯವಾಗಿ ಬುದ್ಧಿ ಹೇಳಬೇಕಾದರೆ ಆ ವಿಷಯ ನಮಗೆ ಅಷ್ಟಾಗಿ ಗೊತ್ತಿರಬಾರದು. ಶ್ರೀಶೈಲಕ್ಕೆ ನಡೆದು ಹೋಗಿ ಬಂದವರನ್ನು ಕೇಳಿ ನೋಡಿ, ಕಾಲಿನ ಬೊಕ್ಕೆ ತೋರಿಸಿ ಸುಮ್ಮನಾಗುತ್ತಾರೆ. ಎಲ್ಲಿ ತಂಗಬೇಕು, ಎಲ್ಲಿ ನೀರು ಸಿಹಿ, ಯಾವ ದಾರಿಯಲ್ಲಿ ಮುಳ್ಳು ಕಡಿಮೆ ಎಂದು ಸವಿಸ್ತಾರವಾಗಿ ಹೇಳುವವರು ಮನೆಯ ಕಟ್ಟೆ ಬಿಟ್ಟು ಇಳಿಯದವರೇ. ನಾನು ಆ ಎರಡನೆಯ ಪಂಗಡದವನು. ನಿಜಾಮರ ರಾಜ್ಯ ದಾಟಿ ನಾನು ಹೋದದ್ದು ಸೊಲ್ಲಾಪುರಕ್ಕೆ, ಅದೂ ಒಂದು ಮದುವೆಯ ಊಟಕ್ಕೆ. ಅಂಥ ನನ್ನ ಪಾಲಿಗೆ ವಿಲಾಯತಿಗೆ ಹೊರಟವನೊಬ್ಬನನ್ನು ತಯಾರು ಮಾಡುವ ಕೆಲಸ ಬಂತು. ನಾನು ಬೇಡವೆನ್ನಲಿಲ್ಲ. ವಿಲಾಯತಿಯನ್ನು ನೋಡಿದ್ದರೆ ಬೇಡವೆನ್ನುತ್ತಿದ್ದೆನೋ ಏನೋ.

ಆಗ ನಾನು ಸೇಡಂನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಬಜಾರಿನಲ್ಲಿ ಅರ್ಧ ತೆಲುಗು ಆಡುವ ಮಕ್ಕಳಿಗೆ ನಾಲ್ಕನೆಯದೊಂದನ್ನು ಕಲಿಸುವುದು ನನ್ನ ಉದ್ಯೋಗ. ಅವರು ನನ್ನನ್ನು ಕ್ಷಮಿಸಿದ್ದರು. ಊರಿನವರು ಮಾತ್ರ ನಾನು ಇಂಗ್ಲಿಷರನ್ನು ಹತ್ತಿರದಿಂದ ಬಲ್ಲವನೆಂದು ತಿಳಿದಿದ್ದರು. ಅದಕ್ಕೊಂದು ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ನಾನು ವಾಡಿ ಜಂಕ್ಷನ್ನಿನ ರೈಲ್ವೆ ಸಾಹೇಬರೊಬ್ಬರಿಗೆ ನಮ್ಮ ಕಡೆಯ ಮಾತು ಕಲಿಸಲು ಅವರ ಬಂಗಲೆಗೆ ಹೋಗುತ್ತಿದ್ದೆ. ಮೊದಲ ದಿನ ಮೇಮ್‌ಸಾಹೇಬರು ಚಹಾ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಮರ್ಯಾದಸ್ಥನಾದ ನಾನು ಬೇಡವೆಂದೆ. ಎರಡನೆಯ ಸಲ ಕೇಳಿದಾಗಲೂ ಬೇಡವೆಂದು, ಮೂರನೆಯ ಸಲಕ್ಕೆ ಅವರ ಒತ್ತಾಯಕ್ಕೆ ಸೋತವನಂತೆ ಕೈ ಚಾಚುವುದೆಂದು ಮನಸ್ಸಿನಲ್ಲೇ ಸಿದ್ಧನಾಗಿದ್ದೆ. ಆ ತಾಯಿ ಎರಡನೆಯ ಸಲ ಕೇಳಲೇ ಇಲ್ಲ. ಮರುದಿನವೂ ಕೇಳಲಿಲ್ಲ. ಮಾಸ್ತರರು ಚಹಾ ಕುಡಿಯುವುದಿಲ್ಲ ಎಂಬುದು ಆ ಮನೆಯಲ್ಲಿ ಗೋಡೆಯ ಮೇಲೆ ಬರೆದಿಟ್ಟಂತೆ ಆಗಿಹೋಯಿತು. ಅವರಿಬ್ಬರೂ ನನ್ನೆದುರು ಕೂತು ಕುಡಿಯುತ್ತಿದ್ದ ಚಹಾದ ವಾಸನೆಯನ್ನು ಕುಡಿಯುತ್ತ ನಾನು ಪಾಠ ಮುಗಿಸಿ ಬಂದೆ. ಇಂಗ್ಲಿಷರ ಬಗ್ಗೆ ನನಗಿದ್ದ ಜ್ಞಾನವೆಲ್ಲ ಈ ಸಿಗದ ಚಹಾದಿಂದ ಬಂದದ್ದು.

ನಾನು ತಯಾರು ಮಾಡಬೇಕಾದವನು ಶಿವಲಿಂಗ, ತೊಗರಿ ವ್ಯಾಪಾರಿ ಗುರುಬಸಮ್ಮನವರ ಒಬ್ಬನೇ ಮಗ. ಗಂಡ ತೀರಿಕೊಂಡ ಮೇಲೆ ಆಕೆಯೇ ಅಂಗಡಿಯ ಗಾದಿಯ ಮೇಲೆ ಕೂತು, ಹತ್ತಿರದ ಮುಧೋಳದ ಕಡೆಯಿಂದ ಬರುವ ರೈತರೊಡನೆ ವ್ಯವಹಾರ ಮಾಡಿ ಮಗನನ್ನು ಓದಿಸಿದ್ದರು. ಹುಡುಗ ಹೈದರಾಬಾದಿನಲ್ಲಿ ಇಂಟರ್ ಮುಗಿಸಿ, ಲಂಡನ್ನಿನ ಕಾಲೇಜಿಗೆ ಬರೆದುಕೊಂಡು, ಕಾಮರ್ಸ್ ಡಿಗ್ರಿಗೆ ಸೀಟು ಸಂಪಾದಿಸಿದ್ದ. ಚಿಂಚೋಳಿಯ ಅವನ ಸೋದರಮಾವಂದಿರು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ವೈದ್ಯಕ್ಕೋ ವಕೀಲಿಗೋ ಹೋದರೆ ಸರಿ, ವ್ಯಾಪಾರ ಕಲಿಯಲು ಯಾರಾದರೂ ಸಮುದ್ರ ದಾಟುತ್ತಾರೆಯೇ, ಗಾದಿಯ ಮೇಲೆ ಕೂತರೆ ತಾನಾಗಿಯೇ ಬರುತ್ತದೆ ಎಂದರಂತೆ. ಗುರುಬಸಮ್ಮ ಈ ಮಾತಿಗೆ ಸೊಪ್ಪು ಹಾಕಲಿಲ್ಲ.

“ನಮ್ಮ ತೊಗರಿ ಇಲ್ಲಿ ಬೆಳಿತದ, ಇಲ್ಲೇ ಮಾರ್ತೀವಿ. ಅದರ ರೇಟು ಮಾತ್ರ ಎಲ್ಲೋ ಕುಂತು ಯಾರೋ ಮಾಡ್ತಾರ,” ಎಂದರು ನನ್ನ ಹತ್ತಿರ. “ಅವರು ಯಾರು, ಹ್ಯಾಂಗ ಮಾಡ್ತಾರ ನೋಡಿ ಬರ್ಲಿ. ಆದ್ರ ಮಾಸ್ತರ, ನನ್ನ ಮಗ ಅಲ್ಲಿ ಉಪಾಸ ಬೀಳಂಗಿಲ್ಲ ಅಂತ ನನಗ ಖಾತ್ರಿ ಆಗಬೇಕು. ಆಗಲಿಲ್ಲಂದ್ರ ನಾ ಕಳಸಂಗಿಲ್ಲ.”

ಆಕೆಯ ಹೆದರಿಕೆ ಸುಳ್ಳಲ್ಲ. ಹೈದರಾಬಾದಿನ ಹಾಸ್ಟೆಲಿಗೆ ಹೋದ ಮೊದಲ ವರ್ಷ ಶಿವಲಿಂಗ ಹಬ್ಬಕ್ಕೆ ಊರಿಗೆ ಬಂದಾಗ ಅವನ ಅಂಗಿಯಷ್ಟೇ ಬಂದಿದೆ ಎಂದು ಸ್ಟೇಷನ್ನಿನಲ್ಲಿ ಜನ ಆಡಿಕೊಂಡಿದ್ದರು. ಅಲ್ಲಿ ಅನ್ನಕ್ಕೆ ಬರವಿರಲಿಲ್ಲ. ಬಡಿಸುವವನು ಬೇಕೇ ಎಂದು ಒಂದು ಸಲ ಕೇಳುತ್ತಿದ್ದ, ಇವನು ಬೇಡವೆನ್ನುತ್ತಿದ್ದ, ಅವನು ಮುಂದೆ ಹೋಗುತ್ತಿದ್ದ. ನಮ್ಮ ಕಡೆ ಊಟಕ್ಕೆ ಕೂತವರು ಬೇಕು ಎನ್ನುವ ಪದ್ಧತಿಯೇ ಇಲ್ಲ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು ಸಾಕು ಸಾಕು ಎನ್ನುತ್ತೇವೆ. ಬಡಿಸುವವರು ಬೆರಳುಗಳ ಸಂದಿಯಲ್ಲಿ ರೊಟ್ಟಿ ತೂರಿಸುತ್ತಾರೆ. ತೂರಿಸದಿದ್ದರೆ ಆ ಮನೆಯವರಿಗೆ ನಾವು ಬೇಡವಾಗಿದ್ದೇವೆ ಎಂದು ತಿಳಿದು ಎದ್ದು ಬರುತ್ತೇವೆ. ಗುರುಬಸಮ್ಮನವರಂತೂ ಮಗನಿಗೆ ಬಡಿಸುವುದನ್ನು ಒಂದು ಕಲೆಯಾಗಿ ಬೆಳೆಸಿಕೊಂಡಿದ್ದರು. ಬೈದು, ಆಣೆ ಹಾಕಿ, ತೀರಿಹೋದ ಅಜ್ಜನ ಪಾಲಿನದೆಂದು ಹೇಳಿ, ಹೇಗಾದರೂ ಮಾಡಿ ತುತ್ತು ಇಳಿಸುತ್ತಿದ್ದರು. ಹುಡುಗನಿಗೆ ತನ್ನ ಹಸಿವು ಎಷ್ಟೆಂದು ತಾನೇ ಹೇಳುವ ಸಂದರ್ಭವೇ ಒದಗಿರಲಿಲ್ಲ.

ನಾನು ಮೊದಲು ಪುಸ್ತಕದಿಂದ ಶುರು ಮಾಡಿದೆ. ಕಾಮರ್ಸಿನ ಮೊದಲ ಪುಸ್ತಕವೊಂದನ್ನು ತರಿಸಿಕೊಂಡು, ವಿದ್ಯಾರ್ಥಿಗಿಂತ ಒಂದು ಪಾಠ ಮುಂದೆ ಇರುವಂತೆ ನೋಡಿಕೊಂಡು ಕಲಿಸತೊಡಗಿದೆ. ಅದರಲ್ಲಿ ಅಂಗಡಿಯ ಸಾಮಾನಿನ ಮೇಲೆ ಬೆಲೆಯ ಚೀಟಿ ಅಂಟಿಸಿರುತ್ತಾರೆ, ಗಿರಾಕಿ ಅದನ್ನು ಓದಿಕೊಂಡು ಅಷ್ಟನ್ನೇ ಕೊಟ್ಟು ಹೋಗುತ್ತಾನೆ ಎಂದಿತ್ತು. ಶಿವಲಿಂಗ ಆ ಸಾಲನ್ನು ಮತ್ತೆ ಮತ್ತೆ ಓದಿದ. ಹಾಗಾದರೆ ಅವರು ಮಾತಾಡುವುದು ಯಾವಾಗ ಎಂದು ಕೇಳಿದ. ನಮ್ಮ ಬಜಾರಿನಲ್ಲಿ ಮೊದಲು ಹೇಳಿದ ಬೆಲೆ ಯಾರ ಬೆಲೆಯೂ ಅಲ್ಲ, ಗಿರಾಕಿ ಎದ್ದು ಹೋದದ್ದು ಹೋದದ್ದೂ ಅಲ್ಲ. ಅಂಗಡಿಯವನು ಮತ್ತೆ ಕರೆಯಲೆಂದೇ ಆತ ನಿಧಾನವಾಗಿ ಚಪ್ಪಲಿ ಮೆಟ್ಟುತ್ತಾನೆ. ಆಗ ನನಗೆ ಹೊಳೆಯಿತು, ಈ ಹುಡುಗನಿಗೆ ವ್ಯಾಪಾರಕ್ಕೂ ಊಟಕ್ಕೂ ಕಲಿಸಬೇಕಾದದ್ದು ಒಂದೇ ಪಾಠ. ಅವರು ಒಂದೇ ಸಲ ಕೇಳುತ್ತಾರೆ, ಒಂದೇ ಸಲ ಹೇಳುತ್ತಾರೆ. ನನ್ನ ಚಹಾ ವ್ಯರ್ಥವಾಗಲಿಲ್ಲವೆಂದು ಬಹಳ ಸಂತೋಷವಾಯಿತು.

ಮರುದಿನದಿಂದಲೇ ನಮ್ಮ ಮನೆಯ ಫರಸಿ ಕಲ್ಲಿನ ನೆಲ ವಿಲಾಯತಿಯಾಯಿತು. ಶಿವಲಿಂಗ ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೇ ಬರಬೇಕು. ನನ್ನ ಹೆಂಡತಿ ನೀಲಮ್ಮ ಮೇಮ್‌ಸಾಹೇಬರಂತೆ ಒಂದೇ ಸಲ ಕೇಳಬೇಕು. ಅವನು ತಕ್ಷಣ “ಎಸ್, ಪ್ಲೀಸ್” ಎಂದರೆ ರೊಟ್ಟಿ, ಇಲ್ಲವಾದರೆ ಬುಟ್ಟಿ ಒಳಗೆ. ಮೊದಲ ದಿನ ಪುಂಡಿಪಲ್ಯ ಮಾಡಿದ್ದಳು. ರೊಟ್ಟಿ ಬೇಕೇನಪ್ಪಾ ಎಂದು ಕೇಳಿದಳು. ಅವನು ತಲೆ ತಗ್ಗಿಸಿ, ಎರಡೂ ಕೈ ಅಡ್ಡ ಹಿಡಿದು, ಬ್ಯಾಡ್ರಿ ಎಂದ. ನಾನು ಬುಟ್ಟಿ ಒಳಗಿಡಲು ಸನ್ನೆ ಮಾಡಿದೆ. ಅವಳು ಇಟ್ಟಳು, ಆದರೆ ಬಾಗಿಲಲ್ಲಿ ನಿಂತು ಅವನನ್ನು ನೋಡುವ ನೋಟದಲ್ಲಿ ಹತ್ತು ಸಲ ಕೇಳಿದಳು. ಎರಡನೆಯ ದಿನ ಅವನ ತಾಟಿನಲ್ಲಿ ಪಲ್ಯದ ಗುಡ್ಡೆ ಅನುಮಾನ ಬರುವಷ್ಟು ಎತ್ತರವಾಗಿತ್ತು. ಕೆದಕಿ ನೋಡಿದರೆ ಅಡಿಯಲ್ಲಿ ಮಡಚಿಟ್ಟ ರೊಟ್ಟಿ. ಲಂಡನ್ನಿನಲ್ಲಿ ಪಲ್ಯದ ಕೆಳಗೆ ಯಾರೂ ಏನೂ ಬಚ್ಚಿಡುವುದಿಲ್ಲ ಎಂದು ನಾನು ಗಂಭೀರವಾಗಿ ತಿಳಿಸಿದೆ.

“ಹಸದ ಕೂಸಿನ ಮುಂದಿಂದ ಬುಟ್ಟಿ ತಗೊಂಡು ಹೋಗೋದು ಅದೆಂಥಾ ವಿದ್ಯಾರಿ?” ಎಂದಳು. “ನನ್ನ ಕೈಲೆ ಪಾಪ ಮಾಡಸ್ಲಿಕತ್ತೀರಿ.”

ಆ ವಾರ ನನಗೂ ಅವಳಿಗೂ ಸರಿಯಾಗಿ ಮಾತಿರಲಿಲ್ಲ. ಅವಳು ನನ್ನ ತಾಟನ್ನೂ ಇಂಗ್ಲಿಷ್ ಪದ್ಧತಿಯಂತೆಯೇ ನಡೆಸಿಕೊಂಡಳು. ನಾನು ಬಾಯ್ತಪ್ಪಿ ಸಾಕು ಎಂದ ದಿನ ನಿಜಕ್ಕೂ ಸಾಕು ಮಾಡಿದಳು. ವಿದ್ಯಾರ್ಥಿಯೂ ಗುರುವೂ ಅರೆಹೊಟ್ಟೆಯಲ್ಲಿ ಕೂತು ಕಾಮರ್ಸ್ ಓದಿದೆವು. ಕೊನೆಗೊಂದು ದಿನ, ಅವಳು ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಎಣ್ಣೆ ಹಾಕಿ ಮುಂದೆ ಇಟ್ಟು, ರೊಟ್ಟಿ ಬೇಕೇನು ಎಂದು ಕೇಳುತ್ತಿದ್ದಂತೆಯೇ ಶಿವಲಿಂಗ ಕಿವಿಯವರೆಗೂ ಕೆಂಪಾಗಿ “ಎಸ್, ಪ್ಲೀಸ್” ಎಂದುಬಿಟ್ಟ. ಹೇಳಿದ ಮೇಲೆ ಯಾರ ಮನೆಯಲ್ಲೋ ಕದ್ದು ಸಿಕ್ಕವನ ಹಾಗೆ ಸುತ್ತ ನೋಡಿದ. ನೀಲಮ್ಮ ಬುಟ್ಟಿಯನ್ನೇ ಅವನ ಮುಂದೆ ಇಟ್ಟಳು. ಅಂದಿನಿಂದ ಅವನು ಪ್ರತಿಯೊಂದಕ್ಕೂ ಎಸ್ ಪ್ಲೀಸ್ ಎನ್ನತೊಡಗಿದ. ನಾನು ಗೆದ್ದೆನೆಂದುಕೊಂಡೆ.

ಆದರೆ ಗುರುಬಸಮ್ಮ ನನ್ನ ಮಾತಿನ ಮೇಲೆ ಮಗನನ್ನು ಕಳಿಸುವವರಲ್ಲ. ನಿಮ್ಮ ಮನೆಯಲ್ಲಿ ತಿಂದರೆ ಏನಾಯಿತು, ನೀಲಮ್ಮ ನಮ್ಮವಳೇ, ಯಾರಾದರೂ ಇಂಗ್ಲಿಷರ ಮನೆಯಲ್ಲಿ ತಿನ್ನಲಿ, ನಾನು ಕಣ್ಣಾರೆ ನೋಡುತ್ತೇನೆ ಎಂದರು. ನನಗೆ ಗೊತ್ತಿದ್ದದ್ದು ಒಂದೇ ಇಂಗ್ಲಿಷ್ ಮನೆ. ವಾಡಿಯ ಸಾಹೇಬರು ಇನ್ನೂ ಅಲ್ಲೇ ಇದ್ದರು. ಚೀಟಿ ಬರೆದು ಕೇಳಿದೆ. ಮೇಮ್‌ಸಾಹೇಬರು ಸಂತೋಷದಿಂದ ಊಟಕ್ಕೆ ಕರೆದರು. ಮಾಂಸ ಮೊಟ್ಟೆ ಏನೂ ಇರುವುದಿಲ್ಲವೆಂದೂ ತಾವಾಗಿಯೇ ಹೇಳಿ ಕಳಿಸಿದರು.

ಮೂವರೂ ರೈಲಿನಲ್ಲಿ ವಾಡಿಗೆ ಹೋದೆವು. ಸಾಹೇಬರ ಮನೆಯಲ್ಲಿ ಗುರುಬಸಮ್ಮ ತಾವು ಉಣ್ಣಲಿಲ್ಲ. ವರಾಂಡದಲ್ಲಿ ಊಟದ ಕೋಣೆಯ ಬಾಗಿಲಿಗೆ ನೇರವಾಗಿ ಕುರ್ಚಿ ಹಾಕಿಸಿಕೊಂಡು, ಅದರ ತುದಿಯಲ್ಲಿ ಕೂತರು. ಒಳಗೆ ನಾನೂ ಮೇಜಿಗೆ ಕೂತೆ. ಶಿವಲಿಂಗನಿಗೆ ಬಟಾಟೆ ಬೇಕೇ ಎಂದು ಮೇಮ್‌ಸಾಹೇಬರು ಕೇಳಿದರು. ಅವನು ತಡಮಾಡದೆ ಎಸ್ ಪ್ಲೀಸ್ ಎಂದ. ನಾನು ತಿರುಗಿ ಗುರುಬಸಮ್ಮನವರ ಕಡೆ ನೋಡಿದೆ. ಬಟಾಣಿ? ಎಸ್ ಪ್ಲೀಸ್. ಬ್ರೆಡ್ಡು? ಎಸ್ ಪ್ಲೀಸ್. ಎಲ್ಲವೂ ಸುಸೂತ್ರವಾಗಿ ನಡೆದಿತ್ತು. ಆದರೆ ಇಷ್ಟು ವರ್ಷಗಳಲ್ಲಿ ಮೇಮ್‌ಸಾಹೇಬರು ನಮ್ಮ ಜನರ ಮನೆಗಳಲ್ಲಿ ಎಷ್ಟೋ ಸಲ ಉಂಡಿದ್ದರು, ಒತ್ತಾಯ ಮಾಡದೆ ಬಡಿಸಿದರೆ ಈ ಕಡೆಯವರಿಗೆ ಅವಮಾನ ಎಂದು ಕಲಿತುಬಿಟ್ಟಿದ್ದರು. ಅದು ನನಗೆ ಗೊತ್ತಿರಲಿಲ್ಲ. ಅವನ ತಟ್ಟೆ ಖಾಲಿಯಾದ ಕೂಡಲೇ ಮತ್ತೆ ಬಟಾಟೆ ತಂದು, “ತಗೋರಿ, ತಗೋರಿ, ಶರಮ್ ಮಾಡಬ್ಯಾಡ್ರಿ” ಎಂದರು. ಅತಿಥಿ ಕೈ ಅಡ್ಡ ಹಿಡಿಯುವವರೆಗೆ ಬಡಿಸಬೇಕೆಂದು ಅವರು ಕಾಯುತ್ತಿದ್ದರು. ಕೈ ಅಡ್ಡ ಹಿಡಿಯಕೂಡದೆಂದು ನಾನು ಅವನಿಗೆ ಕಲಿಸಿದ್ದೆ. ಶಿವಲಿಂಗ ಎಸ್ ಪ್ಲೀಸ್ ಎಂದ.

ಬಟಾಟೆ ಮೂರು ಸುತ್ತು ಬಂತು. ಆಮೇಲೆ ಹಾಲಿನಲ್ಲಿ ಬೇಯಿಸಿದ ಅನ್ನದ ಒಂದು ಸಿಹಿ ಬಂತು, ಅದೂ ಸುತ್ತು ಹಾಕಿತು. ಹುಡುಗನ ಹಣೆಯಲ್ಲಿ ಬೆವರು ಕೂತಿತು. ಅವನು ನನ್ನ ಕಡೆ ನೋಡಿದಾಗಲೇ ನನಗೆ ನೆನಪಾದದ್ದು, ಹೌದೆನ್ನುವುದನ್ನು ಕಲಿಸುವ ಭರದಲ್ಲಿ, ಹೊಟ್ಟೆ ತುಂಬಿದವನು ಏನು ಹೇಳಬೇಕೆಂದು ನಾನು ಕಲಿಸಿಯೇ ಇರಲಿಲ್ಲ. ಊಟದ ಮೇಜಿನಲ್ಲಿ ಗುರುವನ್ನು ಕೇಳುವಂತಿಲ್ಲ, ಗುರು ಹೇಳುವಂತಿಲ್ಲ ಎಂಬ ನಿಯಮವನ್ನೂ ನಾನೇ ಮಾಡಿದ್ದೆ. ಮೇಮ್‌ಸಾಹೇಬರ ಮುಖದಲ್ಲೂ ಗಾಬರಿ ಶುರುವಾಗಿತ್ತು. ಪಾತ್ರೆಯ ತಳ ಕಾಣುತ್ತಿತ್ತು. ಆದರೂ ಆ ದೊಡ್ಡ ಮನಸ್ಸಿನ ಹೆಂಗಸು ಸೌಟು ಎತ್ತಿದರು, ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಎಸ್ ಎನ್ನಲು ಬಾಯಿ ತೆರೆದ.

ಆಗ ಗುರುಬಸಮ್ಮ ಎದ್ದು ಬಾಗಿಲಿಗೆ ಬಂದರು. “ಸಾಕ್ರಿ ತಾಯಿ,” ಎಂದರು ಮೆಲ್ಲಗೆ. “ನನ್ನ ಮಗ ಉಂಡಾನ.”

ಮಗನ ತಾಟಿನ ಮುಂದೆ ನಿಂತು ಆಕೆ ಸಾಕು ಎಂದದ್ದು ಅದೇ ಮೊದಲಿರಬೇಕು. ಮೇಮ್‌ಸಾಹೇಬರು ಸೌಟು ಕೆಳಗಿಟ್ಟು, ದೊಡ್ಡ ಭಾರ ಇಳಿದವರಂತೆ ನಕ್ಕರು. ಆಮೇಲೆ ಚಹಾ ಬಂತು, ಬೇಕೇ ಎಂದು ನನ್ನನ್ನು ಮಾತ್ರ ಕೇಳಲಿಲ್ಲ. ನಾನು ಕುಡಿಯುವುದಿಲ್ಲವೆಂದು ಅವರು ಮರೆತಿರಲಿಲ್ಲ.

ಸೇಡಂಗೆ ವಾಪಸು ಬರುವಾಗ ಶಿವಲಿಂಗ ಎದುರು ಬೆಂಚಿನ ಮೇಲೆ ಉಸಿರಾಡುವುದೇ ಕಷ್ಟವಾಗಿ ಮಲಗಿದ್ದ. ಪರೀಕ್ಷೆ ಕೆಟ್ಟಿತೆಂದುಕೊಂಡೆ. ಚಿತ್ತಾಪುರ ದಾಟಿದ ಮೇಲೆ ಗುರುಬಸಮ್ಮನವರೇ ಮಾತು ತೆಗೆದರು.

“ಕಳಸ್ತೀನ್ರಿ ಮಾಸ್ತರ. ಉಪಾಸ ಬೀಳಂಗಿಲ್ಲ ಅಂವ.” ಮಲಗಿದ್ದ ಮಗನ ಕಡೆ ನೋಡಿ ಅಂದರು: “ನಾ ಇಷ್ಟು ವರ್ಷ ಕಾಡಿ ಬೇಡಿ ತಿನ್ನಸ್ತಿದ್ದೆ. ಇವತ್ತು ಯಾರೋ ಒಂದು ಮಾತು ಕೇಳಿದ್ರ ತಿಂದ. ಛಲೋ ಆತು. ನನ್ನ ಕೆಲಸ ಹಗುರಾತು.”

ಛಲೋ ಆತು ಎಂದು ಇನ್ನೊಮ್ಮೆ ಹೇಳಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಹೊರಗೆ ತೊಗರಿಯ ಹೊಲಗಳು ಹೂವಾಗಿದ್ದವು. ನನಗೆ ಸಂಕಟವಾಯಿತು. ಆಕೆ ಕೇಳಿದ್ದನ್ನೇ ನಾನು ಮಾಡಿಕೊಟ್ಟಿದ್ದೆ, ಆದರೂ ಆಕೆಯ ಕೈಯಿಂದ ಏನನ್ನೋ ಕಿತ್ತುಕೊಂಡಂತೆ ಅನ್ನಿಸುತ್ತಿತ್ತು.

ಶಿವಲಿಂಗ ಹೊರಡುವ ದಿನ ನೀಲಮ್ಮನೂ ಬಂದಳು. ವಾಡಿಯಲ್ಲಿ ಅವನನ್ನು ಮುಂಬಯಿಯ ಮೇಲ್ ಹತ್ತಿಸಿದೆವು. “ನೋ, ಥ್ಯಾಂಕ್ಯೂ” ಎಂಬುದನ್ನು ಅವನಿಗೆ ಚೆನ್ನಾಗಿ ಬಾಯಿಪಾಠ ಮಾಡಿಸಿದ್ದೆ. ಅವನು ಕಿಟಕಿಯಿಂದಲೇ ಬಾಗಿ ತಾಯಿಯ ಕಾಲಿನ ಕಡೆ ಕೈ ಚಾಚಿದ, ನಿಲುಕಲಿಲ್ಲ. ಆಕೆ ಆ ಕೈಯನ್ನೇ ಹಿಡಿದು ಗಾಡಿಯ ಜೊತೆ ಸ್ವಲ್ಪ ದೂರ ನಡೆದರು. ಗಾಡಿ ಶಹಾಬಾದಿನ ದಿಕ್ಕಿಗೆ ಮರೆಯಾಯಿತು. ಆಕೆ ಅಳಲಿಲ್ಲ. ತಿರುಗಿ ಬರುವ ರೈಲಿನಲ್ಲಿ ನಾಲವಾರದ ಮಠಕ್ಕೆ ಹೊತ್ತ ಹರಕೆಯ ಮಾತಾಡಿದರು, ತೊಗರಿಯ ರೇಟಿನ ಮಾತಾಡಿದರು. ಸೇಡಂ ಸ್ಟೇಷನ್ನಿನಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಅಲ್ಲಿಂದ ನಮ್ಮ ದಾರಿ ಒಂದು ಕಡೆ, ಆಕೆಯದು ಇನ್ನೊಂದು ಕಡೆ. ಇವತ್ತು ನಮ್ಮಲ್ಲೇ ಊಟ ಮಾಡಿ ಹೋಗಬೇಕೆಂದು ನಾನು ಕೇಳಿದೆ. ಹಸಿವಿಲ್ಲ, ಬೇಡ ಎಂದರು. ಆಗಲಿ ಎಂದು ಕೈ ಮುಗಿದು ನಾನು ನಮ್ಮ ದಾರಿ ಹಿಡಿದೆ. ಒಬ್ಬರ ಮಾತಿಗೆ ಬೆಲೆ ಕೊಡುವುದೆಂದರೆ ಹೀಗೆ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು.

ಸ್ವಲ್ಪ ದೂರ ಬಂದ ಮೇಲೆ ಪಕ್ಕದಲ್ಲಿ ಹೆಂಡತಿ ಇಲ್ಲವೆಂದು ಗೊತ್ತಾಯಿತು. ತಿರುಗಿ ನೋಡಿದರೆ ಸ್ಟೇಷನ್ನಿನ ಬೇವಿನ ಮರದ ಕೆಳಗೆ ಗುರುಬಸಮ್ಮ ನಾನು ಬಿಟ್ಟುಬಂದ ಜಾಗದಲ್ಲೇ ನಿಂತಿದ್ದರು. ಮನೆಯ ಕಡೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ನೀಲಮ್ಮ ಆಕೆಯ ಮುಂಗೈ ಹಿಡಿದುಕೊಂಡಿದ್ದಳು. ನಾನು ಮರಳಿ ಹತ್ತಿರ ಹೋದೆ.

“ಬರ್ರಿ ಅಕ್ಕಾ,” ಎನ್ನುತ್ತಿದ್ದಳು.

“ಬ್ಯಾಡವ್ವಾ. ಮನ್ಯಾಗ ದೀಪ ಹಚ್ಚಬೇಕು.”

“ದೀಪ ಹಚ್ಚೇ ಬರೂನು. ನಾನೂ ನಿಮ್ಮ ಜೋಡಿ ಬರ್ತೀನಿ.”

“ಖರೇನೇ ಹಸಿವಿಲ್ಲ.”

“ನೀವು ಬರೋತನಕ ನಾನೂ ಉಣಂಗಿಲ್ಲ ನೋಡ್ರಿ.”

ಗುರುಬಸಮ್ಮನವರು ಸೆರಗಿನಿಂದ ಮುಖ ಒತ್ತಿಕೊಂಡರು. ಆ ದಿನ ಆಕೆ ಅತ್ತದ್ದು ಅಲ್ಲಿ, ಆಗ. ಆಮೇಲೆ ನೀಲಮ್ಮನ ಜೊತೆ ನಡೆದರು. ನನ್ನನ್ನು ದಾಟಿ ಹೋಗುವಾಗ ನೀಲಮ್ಮ ದನಿ ತಗ್ಗಿಸಿ, “ವಿಲಾಯತಿಗೆ ಹೋದಾಂವ ಅವನೋ, ನೀವೋ?” ಎಂದು ಕೇಳಿದಳು.

ರಾತ್ರಿಯ ಊಟಕ್ಕೆ ಪ್ರಾಯಶ್ಚಿತ್ತವೆಂದು ನಾನೇ ರೊಟ್ಟಿಯ ಬುಟ್ಟಿ ಹಿಡಿದು ಬಡಿಸಲು ನಿಂತೆ. ಗುರುಬಸಮ್ಮ ಒಂದು ರೊಟ್ಟಿ ಮುಗಿಸಿ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು, ಸಾಕ್ರಿ ಮಾಸ್ತರ ಎಂದರು. ಇಷ್ಟು ದಿನ ಒಬ್ಬನಿಗೆ ಊಟದ ರೀತಿ ನೀತಿಯನ್ನೆಲ್ಲ ಕಲಿಸಿ ಕಳಿಸಿದ ನಾನು, ಮುಂದೇನು ಮಾಡಬೇಕೆಂದು ತಿಳಿಯದೆ, ಬುಟ್ಟಿ ಹಿಡಿದುಕೊಂಡು ಹೆಂಡತಿಯ ಮುಖ ನೋಡಿದೆ.