ಹಿತ್ತಲಲ್ಲಿ ಮುರಿದ ಕಡಕ್ ರೊಟ್ಟಿ

ಇದರಲ್ಲಿ ನಡೆದದ್ದೆಷ್ಟು, ನನ್ನ ತಲೆ ಸೇರಿಸಿದ್ದೆಷ್ಟು ಎಂಬುದು ನನಗೇ ಖಾತ್ರಿಯಿಲ್ಲ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದವನು ಹೀಗೆ ಶುರು ಮಾಡಬಾರದು. ಏನು ಮಾಡಲಿ? ಸೊಲ್ಲಾಪುರದ ನನ್ನ ಸೋದರಮಾವನ ಮನೆಗೆ ಹೋದರೆ ತರ್ಕ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತಿತ್ತು. ನಾಯಿಗೆ ಹೊಟ್ಟೆ ಹಿಂಡಿದರೆ ತಮಗೆ ತಿಳಿಯುತ್ತದೆ ಎಂದು ನಂಬಿದ್ದ ಮಹಾನುಭಾವರು ಅವರು!

ನವಿ ಪೇಠದಲ್ಲಿ ಮಾಮಾನ ಟವೆಲ್ ಅಂಗಡಿ; ಅದರ ಬೆನ್ನಿಗೇ ಮನೆ, ಹಿತ್ತಲು. ಒಂದು ಗುರುವಾರ ಅಕ್ಕಲಕೋಟೆಗೆ ದೇವರ ದರ್ಶನಕ್ಕೆ ಹೋದವರು ಪ್ರಸಾದದ ಜೊತೆಗೆ, ಅಲ್ಲಿಯ ಕುರಿಹಟ್ಟಿಯಿಂದ ಒಂದು ಕರಿನಾಯಿಯನ್ನೂ ತಂದರು. ಹೆಸರು ರಾಣಿ. ನಡತೆ ರಾಣಿಯದಲ್ಲ. ತಾನು ಹೇತದ್ದನ್ನು ತಾನೇ ತಿಂದು ಮುಗಿಸುತ್ತಿತ್ತು. ನೆಲದ ಮೇಲೆ ಒದ್ದೆ ಗುರುತಷ್ಟೇ ಉಳಿಯುತ್ತಿತ್ತು. ಆಮೇಲೆ ಬಂದು ಪ್ರೀತಿಯಿಂದ ಎಲ್ಲರ ಮುಖ ನೆಕ್ಕುತ್ತಿತ್ತು!

‘ಬರೂ ಅಮಾಸಿ ಒಳಗ ಇದರ ಚಟಾ ಬಿಡಸ್ರಿ,’ ಮಾಮಿ ಹೇಳಿಬಿಟ್ಟರು. ‘ಇಲ್ಲಂದ್ರ ಇದು ವಾಪಸ್ ಅಕ್ಕಲಕೋಟಿಗಿ.’

ಮಾಮಾ ಅದು ಹೇತದ್ದರ ಮೇಲೆ ಖಾರಪುಡಿ ಉದುರಿಸಿದರು. ರಾಣಿ ಸೀನಿತು, ತಿಂದಿತು. ಯಾರೋ ಹೇಳಿದರೆಂದು ಅನ್ನಕ್ಕೆ ಅನಾನಸು ಬೆರೆಸಿದರು. ಅನ್ನ ಬಿಟ್ಟು ಹೇತದ್ದನ್ನೇ ತಿಂದಿತು.

‘ನಿಮ್ಮ ಕೈ ರುಚಿ ಛಲೋ ಅದ ರೀ,’ ಅಂದರು ಮಾಮಿ.

ಕೊನೆಗೆ ಮಾಮಾ ಒಂದು ಉಪಾಯ ಹಿಡಿದರು. ನಾಯಿ ಹಿಂದಿರುಗಿ ನೋಡುವ ಮೊದಲೇ ತಾವು ಅಲ್ಲಿರಬೇಕು. ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಕಡಕ್ ರೊಟ್ಟಿ. ಹಲ್ಲಿಲ್ಲದ ಮಾಮಿಗೆ ಹಾಲಲ್ಲಿ ನೆನೆಸಿದ ಚಪಾತಿಯೇ ಗತಿ, ಹಾಗಾಗಿ ಮನೆಯ ಕಡಕ್ ರೊಟ್ಟಿಯಲ್ಲಿ ಪಾಲು ಮಾಮಾನದು ಮತ್ತು ನಾಯಿಯದು ಮಾತ್ರ. ರೊಟ್ಟಿ ‘ಕಟ್’ ಎಂದು ಮುರಿದರೆ ರಾಣಿ ಆ ಸದ್ದಿಗೆ ಓಡಿಬರುತ್ತಿತ್ತು. ಅಷ್ಟರಲ್ಲಿ ನೆಲ ಸ್ವಚ್ಛ.

ಆದರೆ ಅಂಗಡಿಯಲ್ಲಿ ಕೂತವರಿಗೆ ಹೊತ್ತು ತಿಳಿಯುವುದು ಹೇಗೆ? ಇಲ್ಲಿಂದಲೇ ನನಗೆ ಮೈ ಜುಮ್ಮೆನ್ನುವುದು. ಗಿರಾಕಿಗೆ ಟವೆಲ್ ಬಿಚ್ಚಿ ತೋರಿಸುತ್ತಿದ್ದವರು ತಟ್ಟನೆ ಸುಮ್ಮನಾಗುತ್ತಿದ್ದರು. ಕಣ್ಣು ಎಲ್ಲೋ ನೆಟ್ಟಿರುತ್ತಿತ್ತು. ‘ಬಂತು,’ ಎಂದು ಪಿಸುಗುಟ್ಟಿ ಓಡುತ್ತಿದ್ದರು. ಬೆನ್ನಟ್ಟಿ ಹೋಗಿ ನೋಡಿದರೆ, ರಾಣಿ ಅದೇ ಆಗ ಕುಕ್ಕರಗಾಲಲ್ಲಿ ಕೂರುತ್ತಿತ್ತು!

‘ಮಾಮಾ, ನಾಯಿಗಿ ಬಂದದ್ದು ನಿಮಗ ಹ್ಯಾಂಗ ತಿಳೀತದ?’

‘ಇಲ್ಲಿ ಹಿಂಡಿಧಂಗ ಆಗ್ತದಪಾ,’ ಎಂದು ಹೊಟ್ಟೆ ಮುಟ್ಟಿ ತೋರಿಸಿದರು.

‘ನಿಮಗ ಬಂದ್ರ?’

‘ಅವಾಗೂ ಇಲ್ಲೇ. ಒಮ್ಮೊಮ್ಮೆ ಘೋಟಾಳಾ ಆಗ್ತದ. ಸಲಿಕಿ ಹಿಡಕೊಂಡು ಓಡತೀನಿ, ನಾಯಿ ನನ್ನ ಮಾರಿ ನೋಡ್ತದ!’

ಅವರ ಲೆಕ್ಕ ತಪ್ಪಿದ ಸಲಗಳನ್ನು ನಾನು ಮರೆತಿರಬಹುದು. ಮನಸ್ಸು ಮೋಸ ಮಾಡುವುದೇ ಹಾಗೆ. ಅಮಾವಾಸ್ಯೆಯಂತೂ ಬಂತು. ಆ ದಿನ ರಾಣಿ ಕೆಲಸ ಮುಗಿಸಿ, ತಾನಾಗಿ ಪಕ್ಕಕ್ಕೆ ಸರಿದು, ಮಾಮಾನ ಮುಖ ನೋಡುತ್ತ ಕಾಯಿತು. ‘ಮುಂದಿನ ಅಮಾಸಿಗಿ ನೋಡೂಣು,’ ಎಂದರು ಮಾಮಿ.

ಹೋದ ಚಳಿಗಾಲ ಮಾಮಾ ತೀರಿಕೊಂಡರು. ಇನ್ನು ಸಲಿಕೆ ಹಿಡಿಯುವವರಾರು? ನಾಯಿಯನ್ನು ಅಕ್ಕಲಕೋಟೆಗೆ ಬಿಟ್ಟುಬರುವ ಕೆಲಸವನ್ನು ಬಂಧುಗಳು ನನ್ನ ತಲೆಗೆ ಕಟ್ಟಿದರು. ನಾನು ಹೋದ ಮಧ್ಯಾಹ್ನ ಅಂಗಡಿ ಮುಚ್ಚಿತ್ತು. ಮನೆಯಲ್ಲಿ ಮಾಮಿಯೊಬ್ಬರೇ. ಚಹಾ ಕುಡಿಯುತ್ತಿದ್ದೆ.

ಹಿತ್ತಲಲ್ಲಿ ‘ಕಟ್’ ಎಂದಿತು.

ಎದ್ದು ಹೋಗಿ ನೋಡಿದೆ. ರಾಣಿ ಏನನ್ನೋ ಕುರುಕುರು ಅಗಿಯುತ್ತಿತ್ತು. ನೆಲ ಸ್ವಚ್ಛವಾಗಿತ್ತು, ಒದ್ದೆಯ ಗುರುತು ಮಾತ್ರ ಇತ್ತು. ಮೊಳೆಗೆ ತೂಗುಹಾಕಿದ ಸಲಿಕೆ ಇನ್ನೂ ಅಲ್ಲಾಡುತ್ತಿತ್ತು. ನಾಯಿ ನನ್ನತ್ತ ನೋಡಲಿಲ್ಲ. ಸಲಿಕೆಯ ಪಕ್ಕದ ಖಾಲಿ ಜಾಗ ನೋಡಿ ಬಾಲ ಅಲ್ಲಾಡಿಸಿತು.

ಆಗ ಮಾಮಿ ನನ್ನೆದುರು ಜಪಮಣಿ ಹಿಡಿದು ಕೂತಿದ್ದರು. ಕೂತಿದ್ದರೇ? ಚಹಾ ಕೊಟ್ಟು ಒಳಗೆ ಹೋಗಿದ್ದರೇ? ಎಷ್ಟು ನೆನೆದರೂ ಒಮ್ಮೆ ಹೀಗೆ ಕಾಣುತ್ತದೆ, ಒಮ್ಮೆ ಹಾಗೆ. ನಾನು ಮರಳಿದಾಗಲಂತೂ ಕೂತೇ ಇದ್ದರು.

‘ಮಾಮಿ, ಸಪ್ಪಳ ಕೇಳಿಸ್ತೇನ್ರಿ?’

‘ಎಂಥಾ ಸಪ್ಪಳಪಾ? ಭಾಳ ಓದೀದಿ, ತಲಿ ಕಾಯ್ದದ ನಿಂದು.’ ಜಪಮಣಿ ನಿಂತಿತು. ‘ನಾಯಿ ಇವತ್ತ ಬ್ಯಾಡ. ಮುಂದಿನ ಅಮಾಸಿಗಿ ನೋಡೂಣು.’

ಒಬ್ಬನೇ ಊರಿಗೆ ಹೊರಟೆ. ಗಲ್ಲಿಯ ಕೊನೆಯಲ್ಲಿ ಕಡಕ್ ರೊಟ್ಟಿ ಮಾಡಿ ಮಾರುವ ಹೆಂಗಸಿದ್ದಾಳೆ. ನಿಂತು ವಿಚಾರಿಸಿದೆ. ಈ ಕಥೆಯಲ್ಲಿ ನಾನು ಪರೀಕ್ಷಿಸಿ ಖಚಿತ ಮಾಡಿಕೊಂಡದ್ದು ಇದೊಂದೇ.

‘ಹೌದ್ರಿ, ಸಾವಕಾರು ಇದ್ದಾಗ ಎಷ್ಟ ಒಯ್ತಿದ್ರು, ಮಾಮಿಯವರು ಈಗೂ ಅಷ್ಟೇ ಒಯ್ತಾರ,’ ಅಂದಳು. ‘ಛಂದ ಒಣಗಿರ್ಲಿ, ಮುರದ್ರ ಸಪ್ಪಳ ಬರಬೇಕು ಅಂತಾರ.’