ಮಣೆಯೇರಿದ ಪೆಡಲ್

ವಿದ್ಯುತ್ ಗಿಟಾರನ್ನು ಮಡಿಯುಟ್ಟು ನುಡಿಸುವ ಮಹನೀಯರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ನಾನರಿಯೆ. ಜಯನಗರದಲ್ಲಿ ಒಬ್ಬರಂತೂ ಇದ್ದಾರೆ. ನನ್ನ ಭಾವ, ಅಂದರೆ ಅಕ್ಕನ ಯಜಮಾನರು. ನಿವೃತ್ತರಾದವರು ಸಾಮಾನ್ಯವಾಗಿ ಗೀತೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಭಾವ ಗಿಟಾರನ್ನು ಕೈಗೆತ್ತಿಕೊಂಡರು. ಗೀತೆ ಹೇಗೂ ಕಂಠಪಾಠವಾಗಿತ್ತಲ್ಲ!

ಪ್ರತಿ ರಾಮನವಮಿಗೂ ಅವರ ಮನೆಯಲ್ಲಿ ಭಜನೆ. ಅಕ್ಕ ಹಾಡುವುದು, ಭಾವ ಗಿಟಾರಿನಲ್ಲಿ ಅನುಸರಿಸುವುದು. ಕಳೆದ ವರ್ಷ ಶ್ವಾಸಕೋಶದ ಕಾಯಿಲೆಯಿಂದ ಎದ್ದ ಮೇಲೆ ಅಕ್ಕ ಹಾಡುವುದನ್ನೇ ಬಿಟ್ಟಳು.

"ಸಾಲಿನ ಮಧ್ಯೆ ಉಸಿರು ಹೋಗಿಬಿಡತ್ತೆ. ರಾಮನ ಮುಂದೆ ಏದುಸಿರು ಬಿಡ್ತಾ ಕೂತ್ಕೊಳ್ಲಾ? ಈ ಸಲ ನನ್ನ ಬಿಟ್ಬಿಡಿ."

ಭಾವ ವಾದಿಸಲಿಲ್ಲ. ನನಗೆ ಫೋನ್ ಮಾಡಿ, "ಒಂದು ಕಂಪ್ರೆಸರ್ ಪೆಡಲ್ ತರ್ಬೇಕು, ಬಾರಯ್ಯ" ಎಂದರು. ಕಂಪ್ರೆಸರ್ ಎಂಬುದು ಫ್ರಿಜ್ಜಿನ ಬೆನ್ನಿನಲ್ಲಿ ಗುರುಗುಟ್ಟುವ ವಸ್ತುವೆಂದೇ ನಂಬಿದ್ದ ನನಗೆ ದಾರಿಯಲ್ಲಿ ಉಪದೇಶವಾಯಿತು. ಜೋರಾದ ಮೀಟನ್ನು ತಗ್ಗಿಸಿ, ಅಡಗುತ್ತಿರುವ ನಾದವನ್ನು ಎತ್ತಿ ಹಿಡಿಯುವ, ಗಿಟಾರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯಂತೆ ಅದು.

ಅಂಗಡಿಯ ಹೆಣ್ಣುಮಗಳು ಒಂದನ್ನು ತಂದು ನೆಲದ ಮೇಲಿಟ್ಟಳು. "ಅಂಕಲ್, ಇದನ್ನ ಕಾಲಲ್ಲಿ ಒತ್ತಿ ಆನ್ ಮಾಡ್ಬೇಕು."

"ಸರಸ್ವತೀನ ಕಾಲಲ್ಲಾ? ಏನಮ್ಮಾ ಮಾತಾಡ್ತೀಯ."

"ಎಲ್ಲರೂ ಹಾಗೇ ಮಾಡೋದು ಅಂಕಲ್."

"ಎಲ್ಲರ ಲೆಕ್ಕ ಚಿತ್ರಗುಪ್ತ ನೋಡ್ಕೋತಾನೆ ಬಿಡು."

ಮಂಡಿನೋವಿನ ಭಾವ ಪಾಡುಪಟ್ಟು ಬಗ್ಗಿ, ಬೆರಳಿನಿಂದ ಒತ್ತಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡರು. "ಹಚ್ಚಿದ ಮೇಲೆ ಆರಿಸದೆ ಇಡಬಹುದಾ?"

"ಇಡಬಹುದು. ತುಂಬಾ ಜನ ಇದನ್ನ ಆಫ್ ಮಾಡೋದೇ ಇಲ್ಲ."

"ನಂದಾದೀಪ ಅನ್ನು" ಎಂದು ಭಾವ ಪ್ರಸನ್ನರಾದರು.

ಆದರೆ ಪರೀಕ್ಷೆಯ ಕ್ರಮವೋ ವಿಚಿತ್ರ. ಒಂದೇ ಒಂದು ಸ್ವರವನ್ನು ಮೀಟುವುದು, ಕಣ್ಣು ಮುಚ್ಚುವುದು, ನಿಧಾನವಾಗಿ ಉಸಿರೆಳೆಯುವುದು, ತಲೆಯಾಡಿಸುವುದು. "ಸಾಲದಮ್ಮ, ಬೇರೆ ತೋರಿಸು."

"ಒಂದು ಹಾಡಾದ್ರೂ ನುಡಿಸಿ ನೋಡಿ ಅಂಕಲ್."

"ನುಡಿಸೋಕೆ ನನಗೆ ಬರತ್ತೆ. ಕಾಯೋಕೆ ಇದಕ್ಕೆ ಬರತ್ತಾ ಅಂತ ನೋಡ್ತಿದೀನಿ."

ಜೆ.ಪಿ. ನಗರದ ಅಂಗಡಿಯಲ್ಲೂ ಇದೇ ತಪಸ್ಸು. ಗಿರಾಕಿಯೊಬ್ಬ ಗಾಬರಿಯಿಂದ ನನ್ನ ಕಿವಿಯಲ್ಲಿ, "ತಾತ ಹುಷಾರಾಗಿದಾರಾ ಸಾರ್?" ಎಂದ. "ಪ್ರಾಣಾಯಾಮ" ಎಂದು ಮಾನ ಉಳಿಸಿಕೊಂಡೆ. ಕೊನೆಗೆ ಬನಶಂಕರಿಯಲ್ಲಿ ಒಂದು ನೀಲಿ ಪೆಟ್ಟಿಗೆಯ ಮುಂದೆ ಭಾವ ಕಣ್ಣು ತೆರೆದರು. "ಇದು ಕಾಯತ್ತೆ."

ಮನೆಯಲ್ಲಿ ಪೆಡಲ್ಲಿಗೆ ಮಣೆ ಹಾಕಿ, ಅರಿಶಿನ ಕುಂಕುಮವಿಟ್ಟು, ಹೂವನ್ನೂ ಏರಿಸಿದ್ದಾಯಿತು. ಅಕ್ಕ ಮಣೆಯ ಮೇಲಿನ ಪೆಟ್ಟಿಗೆಯನ್ನು ನೋಡಿ, "ಹೊಸ ಅಳಿಯಂದಿರ ಊಟ ಆಯ್ತಂತಾ?" ಎಂದಳು.

ರಾಮನವಮಿಯ ಸಂಜೆ ಭಾವ ಅಕ್ಕನ ಪ್ರೀತಿಯ ದೇವರನಾಮವನ್ನು ಆರಂಭಿಸುವರು, ಅವಳು ಎತ್ತಿಕೊಳ್ಳಬೇಕಾದ ಜಾಗದಲ್ಲಿ ನಿಲ್ಲಿಸುವರು. ಮತ್ತೆ ಆರಂಭ, ಮತ್ತೆ ನಿಲುಗಡೆ. ಪಾನಕ ಬೆರೆಸುತ್ತಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ. "ಅರ್ಧಕ್ಕೇ ಬಿಡ್ತೀರಲ್ರೀ" ಎನ್ನುತ್ತ ಬಂದು ಕುಳಿತು ಹಾಡಲಾರಂಭಿಸಿದಳು.

ಎರಡನೆಯ ಸಾಲಿನ ನಡುವೆ ಉಸಿರು ತಪ್ಪಿತು. ನಾನು ತಲೆ ತಗ್ಗಿಸಿದೆ. ಆದರೆ ಅವಳು ಬಿಟ್ಟ ಸ್ವರ ಬಿಟ್ಟಲ್ಲಿಯೇ ಇತ್ತು; ಗಿಟಾರಿನ ತಂತಿಯಲ್ಲಿ, ಏರದೆ, ಆರದೆ. ಅಕ್ಕ ನಿಧಾನವಾಗಿ ಉಸಿರೆಳೆದುಕೊಂಡಳು. ಅಂಗಡಿ ಅಂಗಡಿಯಲ್ಲಿ ಭಾವ ಕಣ್ಣು ಮುಚ್ಚಿ ಎಳೆದದ್ದು ಇದೇ ಉಸಿರು! ಅದೇ ಸ್ವರವನ್ನು ಹಿಡಿದು ಅವಳು ಮುಂದುವರಿದಳು. ಕೇಳುತ್ತಿದ್ದವರಿಗೆ ಸಾಲು ತುಂಡಾದದ್ದೇ ತಿಳಿಯಲಿಲ್ಲ.

ಮಂಗಳಾರತಿಯಾದ ಮೇಲೆ ಭಾವ ಪೆಡಲ್ ಆರಿಸಲು ಪ್ರಯಾಸದಿಂದ ಬಗ್ಗಿದರು. ಅಕ್ಕ ಅವರ ತೋಳು ಹಿಡಿದಳು.

"ಇರ್ಲಿ ಬಿಡ್ರೀ. ಇನ್ನೊಂದು ಹಾಡ್ತೀನಿ."